ಪದಚರ್ಚೆ: ಕದಿರು, ಹಂದರ, ಸಾಗಣೆ (ಜೀವಕೋಶದ ಪಾಠಕ್ಕೆ ಬೇಕಾದ ಕೆಲವು ಪದಗಳು)

ಪ್ರಶ್ನೆ

ನಮಸ್ಕಾರ. ಮಡಿಕೇರಿ, ವಿರಾಜಪೇಟೆ ಕಡೆಯ ಪದವಿ ವಿದ್ಯಾರ್ಥಿಗಳಿಗಾಗಿ ಕೋಶವಿಭಜನೆಯ ಪ್ರಯೋಗಕ್ಕೆ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಕೆಲವು ಕಡೆ ಪದ ತೊಡಕಾಗಿದೆ, ಬಲ್ಲವರು ತಿಳಿಸಬೇಕು.

ಕೋಶ ಎರಡಾಗುವಾಗ ವರ್ಣತಂತುಗಳನ್ನು (ಕ್ರೋಮೋಸೋಮ್) ಎರಡು ಕಡೆಗೆ ಎಳೆಯುವ ಸ್ಪಿಂಡಲ್ ಎಂಬುದಕ್ಕೆ 'ಕದಿರು' ಎಂದು ಹಾಕಿದ್ದೇವೆ. ಆದರೆ ಇಲ್ಲಿನ ಮಕ್ಕಳಿಗೆ ಕದಿರು ಎಂದರೆ ಹುತ್ತರಿ ಸುಗ್ಗಿಹಬ್ಬದಲ್ಲಿ ಗದ್ದೆಗಿಳಿದು ತೆಗೆಯುವ ಭತ್ತದ ತೆನೆ. ಕೊಡವ ತಕ್ಕ್‌ನಲ್ಲಿ ಅದೇ 'ಕದ್'. ರಾಟೆಯ ಕದಿರನ್ನು ಕಂಡವರು ಕಡಿಮೆ. ಹಾಗಾದರೆ 'ಸ್ಪಿಂಡಲ್' ಎಂದೇ ಉಳಿಸುವುದೇ? ಸೈಟೊಸ್ಕೆಲಿಟನ್‌ಗೆ (ಕೋಶದೊಳಗಿನ ಆಧಾರದ ಎಳೆಗಳು) 'ಕೋಶಾಸ್ಥಿಪಂಜರ' ಸರಿಯೇ? ಪ್ರೋಟೀನುಗಳ ವಿಚಾರದಲ್ಲಿ ಟ್ರಾನ್ಸ್‌ಪೋರ್ಟ್, ಟ್ರಾಫಿಕಿಂಗ್, ಸಾರ್ಟಿಂಗ್ ಎಲ್ಲಕ್ಕೂ 'ಸಾಗಣೆ' ಎಂದು ಬರೆದರೆ ನಡೆಯುತ್ತದೆಯೇ?

ಇನ್ನೊಂದು ವಾಕ್ಯ ಹೀಗಿದೆ: "ತೋಕ್ ಪೂವಿನಲ್ಲಿರುವ ಕೋಲ್ಚಿಸಿನ್ ಕೋಶವಿಭಜನೆಯನ್ನು ನಿಲ್ಲಿಸಿ ವರ್ಣತಂತುಗಳನ್ನು ದ್ವಿಗುಣಗೊಳಿಸುತ್ತದೆ." ವಿಭಜನೆಯೇ ನಿಂತ ಮೇಲೆ ದ್ವಿಗುಣವಾಗುವುದು ಹೇಗೆ ಎಂದು ಕರಡು ಓದಿದವರು ಕೇಳುತ್ತಿದ್ದಾರೆ. ತೋಕ್ ಪೂ ಎಂದರೆ ಕೊಡವರ ಆಯುಧಹಬ್ಬ ಕೈಲ್ ಮುಹೂರ್ತದಲ್ಲಿ ಕೋವಿಯ ತುದಿಗೆ ಸಿಕ್ಕಿಸುವ ಅಗ್ನಿಶಿಖೆ ಹೂವು, ಮಕ್ಕಳಿಗೆಲ್ಲ ಗೊತ್ತು. ಆ ಉದಾಹರಣೆ ಬಿಡಲು ಮನಸ್ಸಿಲ್ಲ.

ಉತ್ತರ

ಮೇಡಂ, ತೋಕ್ ಪೂವಿನ ಉದಾಹರಣೆ ಬಿಡಲೇಬೇಡಿ. ನಿಮ್ಮ ಬೇರೆ ಪ್ರಶ್ನೆಗಳಿಗೂ ಅದರಲ್ಲೇ ಅರ್ಧ ಉತ್ತರವಿದೆ.

ಮೊದಲು ಆ ವಾಕ್ಯ. ಅದು ಎರಡು ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದೆ. ವರ್ಣತಂತುಗಳು ನಕಲಾಗುವುದಕ್ಕೂ ಕೋಲ್ಚಿಸಿನ್‌ಗೂ ಸಂಬಂಧವಿಲ್ಲ. ಆ ಕೆಲಸ ವಿಭಜನೆ ಶುರುವಾಗುವ ಮುಂಚೆಯೇ ಮುಗಿದಿರುತ್ತದೆ, ಪ್ರತಿ ವರ್ಣತಂತುವೂ ಜೋಡಿಯಾಗಿ ಕಾದಿರುತ್ತದೆ. ಕೋಲ್ಚಿಸಿನ್ ತಡೆಯುವುದು ಆ ಜೋಡಿಗಳನ್ನು ಎರಡು ಕಡೆಗೆ ಎಳೆಯಬೇಕಾದ ಕದಿರನ್ನು. ಕದಿರು ಕಟ್ಟದಿದ್ದರೆ ಕೋಶ ನಡುಹಂತದಲ್ಲಿ ಕೆಲ ಗಂಟೆ ಸಿಕ್ಕಿ ನಿಲ್ಲುತ್ತದೆ. ಆ ಹೊತ್ತಿಗೆ ಬೇರುತುದಿ ತೆಗೆದು ನೋಡಿದರೆ ಕುಗ್ಗಿ ದಪ್ಪವಾದ ವರ್ಣತಂತುಗಳು ಎಣಿಸುವುದಕ್ಕೆ ಸಿಗುತ್ತವೆ. ತೆಗೆಯದೆ ಬಿಟ್ಟರೆ ಜೋಡಿಗಳು ಇದ್ದಲ್ಲೇ ಬಿಡಿಯಾಗಿ, ಎಲ್ಲದರ ಸುತ್ತಲೂ ಒಂದೇ ಕೋಶಕೇಂದ್ರದ (ನ್ಯೂಕ್ಲಿಯಸ್) ಪೊರೆ ಮತ್ತೆ ಮೂಡುತ್ತದೆ. ಆಗ ಸಂಖ್ಯೆ ಇಮ್ಮಡಿ. ಅಂದರೆ 'ನಿಲ್ಲಿಸುವುದು' ಅಲ್ಪಕಾಲದ ಫಲ, 'ಇಮ್ಮಡಿಸುವುದು' ದೀರ್ಘಕಾಲದ ಫಲ. ವಾಕ್ಯ ಹೀಗಿರಲಿ: "ಕೋಲ್ಚಿಸಿನ್ ಕದಿರು ಕಟ್ಟದಂತೆ ತಡೆಯುತ್ತದೆ; ಅದರಿಂದ, ಮೊದಲೇ ನಕಲಾಗಿರುವ ವರ್ಣತಂತುಗಳು ಎರಡು ಪಾಲಾಗದೆ ಒಂದೇ ಕೋಶದಲ್ಲಿ ಉಳಿಯುತ್ತವೆ."

ಕೊಡಗಿನ ಮಕ್ಕಳಿಗೆ ಕಾಫಿಯ ಲೆಕ್ಕವನ್ನೂ ಇಲ್ಲೇ ಕೊಡಬಹುದು. ರೋಬಸ್ಟಾಕ್ಕೆ ವರ್ಣತಂತು 22, ಅರೇಬಿಕಾಕ್ಕೆ 44. ಎರಡನ್ನೂ ನೇರವಾಗಿ ಕೂಡಿಸಿದರೆ ಬರುವ ಗಿಡಕ್ಕೆ 33. ಲಿಂಗಕೋಶ ಆಗುವಾಗ ಹನ್ನೊಂದಕ್ಕೆ ಜೋಡಿ ಸಿಗುವುದಿಲ್ಲ, ಗಿಡ ಬಹುಮಟ್ಟಿಗೆ ಬಂಜೆ. ಅದಕ್ಕಾಗಿ ರೋಬಸ್ಟಾವನ್ನು ಮೊದಲು ಕೋಲ್ಚಿಸಿನ್‌ನಿಂದ 44ಕ್ಕೆ ಏರಿಸಿ, ಆಮೇಲೆ ಅರೇಬಿಕಾ ಜೊತೆ ಕೂಡಿಸುವ ದಾರಿಯಿದೆ. 'ಅರಬುಸ್ತಾ' ಎಂಬ ಸಂಕರ ಅಂಥದ್ದು. ಅರೇಬಿಕಾದ 44 ಮಾತ್ರ ಯಾರೂ ಔಷಧಿ ಹಾಕಿ ಮಾಡಿದ್ದಲ್ಲ, ಎರಡು ಕಾಡುಜಾತಿಗಳು ಆಫ್ರಿಕದಲ್ಲಿ ತಾವಾಗಿ ಕೂಡಿ ಆದದ್ದು. ಇದನ್ನು ಒಂದು ಸಾಲಿನಲ್ಲಿ ಸ್ಪಷ್ಟಪಡಿಸದಿದ್ದರೆ ಮಕ್ಕಳು ತಲೆಕೆಳಗು ಮಾಡಿಕೊಳ್ಳುತ್ತಾರೆ.

ಈಗ 'ಅಸ್ಥಿಪಂಜರ'. ನನಗೆ ಈ ಪದ ಒಪ್ಪಿಗೆಯಿಲ್ಲ. ಎಲುಬು ಎಂದ ಕೂಡಲೇ ಒಮ್ಮೆ ಗಟ್ಟಿಯಾದ ಮೇಲೆ ಕದಲದ ವಸ್ತು ಕಣ್ಣ ಮುಂದೆ ಬರುತ್ತದೆ. ಇಲ್ಲಿ ಇರುವುದು ತದ್ವಿರುದ್ಧ. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಜೋಡಿತುಣುಕುಗಳು ಸಾಲುಗಟ್ಟಿ, ಸಾಮಾನ್ಯವಾಗಿ 13 ಸಾಲು ಸುತ್ತುಗೂಡಿ, 25 ನ್ಯಾನೊಮೀಟರ್ ದಪ್ಪದ ಟೊಳ್ಳು ಕೊಳವೆಯಾಗುತ್ತವೆ. ಒಂದು ತುದಿಯಲ್ಲಿ ತುಣುಕು ಸೇರುತ್ತಿರುತ್ತದೆ, ಸೇರುವುದು ತಡವಾದರೆ ಕೊಳವೆ ಸರಸರನೆ ಕಳಚಿಕೊಳ್ಳುತ್ತದೆ. ಕೋಲ್ಚಿಸಿನ್ ಅಂಟಿಕೊಳ್ಳುವುದು ಬಿಡಿ ತುಣುಕಿಗೆ. ಅಂಥ ತುಣುಕು ತುದಿಗೆ ಬಂದು ಕೂತರೆ ಮುಂದಿನದಕ್ಕೆ ಎಡೆಯಿಲ್ಲ. ಕಳಚುವುದು ನಡೆದೇ ಇರುತ್ತದೆ, ಕಟ್ಟುವುದು ನಿಲ್ಲುತ್ತದೆ. ಸದಾ ಕಟ್ಟಿ ಬಿಚ್ಚುವ ವಸ್ತುವಾದ್ದರಿಂದಲೇ ಈ ವಿಷ ನಾಟುತ್ತದೆ. ಟ್ಯೂಬ್ಯುಲಿನ್ ಪತ್ತೆಯಾದದ್ದೂ 1960ರ ದಶಕದಲ್ಲಿ, ಕೋಲ್ಚಿಸಿನ್ ಕೋಶದೊಳಗೆ ಯಾವುದಕ್ಕೆ ಅಂಟುತ್ತದೆ ಎಂದು ಹುಡುಕುತ್ತ ಹೋದಾಗ.

ಹಾಗಾಗಿ 'ಕೋಶದ ಹಂದರ' ಎನ್ನಿ. ಮದುವೆಗೆ ಹಾಕಿ, ಮುಗಿದ ಮೇಲೆ ಬಿಚ್ಚಿ, ಅದೇ ಗಳುಗಳನ್ನು ಇನ್ನೊಂದು ಕಡೆ ನೆಡುವ ಹಂದರ. ಆಧಾರ ಎಂಬ ಅರ್ಥವೂ ಉಳಿಯಿತು, ಬಿಚ್ಚಿ ಕಟ್ಟುವುದೂ ಬಂತು. ವಿಭಜನೆ ಹತ್ತಿರವಾದಾಗ ಗಿಡಕೋಶದ ಗೋಡೆಯ ಒಳಬದಿಯಲ್ಲಿದ್ದ ಕೊಳವೆಗಳು ಬಿಚ್ಚಿಕೊಂಡು, ಅದೇ ಟ್ಯೂಬ್ಯುಲಿನ್‌ನಿಂದ ಕದಿರು ಏಳುತ್ತದೆ.

ಇದರ ಕೆಳಗಿನ ಪದಗಳಲ್ಲಿ ಎಚ್ಚರ ಬೇಕು. ಮೈಕ್ರೊಟ್ಯೂಬ್ಯೂಲ್‌ಗೆ 'ಕಿರುಕೊಳವೆ', ಸುಮಾರು 7 ನ್ಯಾನೊಮೀಟರ್ ದಪ್ಪದ ಇನ್ನೊಂದು ಪ್ರೋಟೀನ್ ಎಳೆಯಾದ ಆಕ್ಟಿನ್‌ಗೆ 'ಕಿರುಎಳೆ' ಎಂದು ಬೇರೆ ಬೇರೆ ಇಡಿ. ಸೂಕ್ಷ್ಮದರ್ಶಕದಲ್ಲಿ ಕಾಣುವ 'ಕದಿರೆಳೆ' ಒಂದು ಕೊಳವೆಯಲ್ಲ, ಕೊಳವೆಗಳ ಕಟ್ಟು. ಮತ್ತೆ, "ಹಂದರದಲ್ಲಿ ಮೂರು ಬಗೆಯ ತಂತುಗಳಿವೆ" ಎಂಬ ಸಾಲು ಪ್ರಾಣಿಕೋಶದ ಪಾಠದಿಂದ ಬಂದದ್ದು. ಮೂರನೆಯದಾದ 10 ನ್ಯಾನೊಮೀಟರಿನ ನಡುತಂತುಗಳು ಗಿಡದ ಕೋಶರಸದಲ್ಲಿ ಇಲ್ಲ. ನಿಮ್ಮ ಪ್ರಯೋಗ ನೀರುಳ್ಳಿಯದಾದರೆ ಆ ಸಾಲು ತೆಗೆಯಿರಿ.

ಕದಿರು ಪದಕ್ಕೆ ಕನ್ನಡದಲ್ಲಿ ತೆನೆ, ಕಿರಣ, ನೂಲುವ ಕಡ್ಡಿ ಮೂರೂ ಅರ್ಥ ಹಳೆಯವೇ. ಮೊದಲ ಸಲ ಬರುವಾಗ 'ನೂಲುಗದಿರು' ಎಂದು ಬರೆದು, ಪಕ್ಕಕ್ಕೆ ನೂಲು ಸುತ್ತಿದ ಕದಿರಿನ ಚಿತ್ರ ಕೊಟ್ಟು, ಮುಂದೆ 'ಕದಿರು' ಎಂದರೆ ಸಾಕು. ಆಕಾರದ ವಿವರಣೆಯಲ್ಲಿ "ಎರಡೂ ತುದಿ ಮೊನಚು" ಎಂದು ಒತ್ತಿ ಹೇಳಬೇಡಿ. ಪ್ರಾಣಿಕೋಶದಲ್ಲಿ ಕಿರುಕೊಳವೆಗಳು ಹೊರಡುವ ಕೇಂದ್ರವಾದ ಸೆಂಟ್ರೊಸೋಮ್ ಇರುವುದರಿಂದ ತುದಿ ಮೊನಚು. ನೀರುಳ್ಳಿಗೆ, ಕಾಫಿಗೆ ಸೆಂಟ್ರೊಸೋಮ್ ಇಲ್ಲ, ಕದಿರಿನ ತುದಿ ಅಗಲ.

'ಸಾಗಣೆ' ತಾಯಿಪದವಾಗಿ ಇರಲಿ. ಅದರೊಳಗೆ ಮೂರು ಕೆಲಸ ಬಿಡಿಸಿ ಹೇಳಬೇಕು. ಒಂದು, ಪೊರೆ ದಾಟುವುದು. ಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿಗೆ ಹೋಗಬೇಕಾದ ಪ್ರೋಟೀನಿನ ಮೊದಲ ತುದಿಯಲ್ಲಿ ಸುಮಾರು 16ರಿಂದ 30 ಅಮೈನೋ ಆಮ್ಲಗಳ ಸಂಜ್ಞೆ ಇರುತ್ತದೆ. ಪ್ರೋಟೀನು ಇನ್ನೂ ತಯಾರಾಗುತ್ತಿರುವಾಗಲೇ ಪೊರೆಯ ತೂತಿನಲ್ಲಿ ನುಗ್ಗುತ್ತದೆ, ಸಂಜ್ಞೆ ಕತ್ತರಿಸಿಹೋಗುತ್ತದೆ. ಗುಂಟರ್ ಬ್ಲೋಬೆಲ್ ಅವರಿಗೆ 1999ರ ನೊಬೆಲ್ ಬಂದದ್ದು ಈ ಸಂಜ್ಞೆಯ ಕೆಲಸಕ್ಕೆ. ಆದರೆ "ಸಂಜ್ಞೆ ಕತ್ತರಿಸಿಹೋಗುತ್ತದೆ" ಎಂಬುದನ್ನು ಎಲ್ಲ ಪ್ರೋಟೀನಿಗೂ ಅನ್ವಯಿಸಬೇಡಿ. ಕೋಶಕೇಂದ್ರಕ್ಕೆ ಹೋಗುವವುಗಳಲ್ಲಿ ಅದು ಉಳಿದೇ ಇರುತ್ತದೆ. ಪ್ರತಿ ವಿಭಜನೆಯಲ್ಲೂ ಕೇಂದ್ರದ ಪೊರೆ ಕಳಚಿ ಒಳಗಿದ್ದವು ಹೊರಗೆ ಚೆಲ್ಲುತ್ತವೆ, ಪೊರೆ ಮೂಡಿದ ಮೇಲೆ ಅವು ಮತ್ತೆ ಒಳಗೆ ಹೋಗಬೇಕಲ್ಲ.

ಎರಡು, ವಿಂಗಡಣೆ. ಇದು ಮುಖ್ಯವಾಗಿ, ಪ್ರೋಟೀನುಗಳನ್ನು ಕಟ್ಟಿ ಕಳಿಸುವ ಪೊರೆಚೀಲಗಳ ಅಡುಕಾದ ಗಾಲ್ಗಿಯ ಹೊರಬದಿಯಲ್ಲಿ ನಡೆಯುತ್ತದೆ. ಯಾವುದು ರಸದಾನಿಗೆ (ವ್ಯಾಕ್ಯುಯೋಲ್), ಯಾವುದು ಹೊರಕ್ಕೆ ಎಂದು ಇಲ್ಲಿ ಬೇರೆಯಾಗುತ್ತದೆ. ಮೂರು, ಚೀಲಸಾಗಣೆ, ಅಂದರೆ ಪೊರೆಯ ಪುಟ್ಟ ಚೀಲಗಳಲ್ಲಿ (ವೆಸಿಕಲ್) ಸಾಗಿಸುವುದು. ವೆಸಿಕಲ್‌ಗೆ 'ಕೋಶಿಕೆ' ಬೇಡ, ಕೋಶದ ಜೊತೆ ಕಲಸುತ್ತದೆ. 'ಕಿರುಚೀಲ' ಎನ್ನಿ.

ಚೀಲಗಳನ್ನು ಎಳೆದೊಯ್ಯುವ ಮೋಟರ್ ಪ್ರೋಟೀನುಗಳ ಚಿತ್ರವೂ ಸಾಮಾನ್ಯವಾಗಿ ನರಕೋಶದ್ದು: ಕಿರುಕೊಳವೆಯ ಮೇಲೆ ಕೈನೆಸಿನ್ ಒಂದು ಎಟಿಪಿಗೆ (ಕೋಶಕ್ಕೆ ಶಕ್ತಿ ಕೊಡುವ ಅಣು) 8 ನ್ಯಾನೊಮೀಟರಿನ ಒಂದು ಹೆಜ್ಜೆ ಇಡುತ್ತ ಕೋಶದ ನಡುವಿನಿಂದ ಆಚೆಗೆ, ಡೈನೀನ್ ನಡುವಿನ ಕಡೆಗೆ. ಹೂಬಿಡುವ ಗಿಡಗಳ ಕೋಶರಸದಲ್ಲಿ ಡೈನೀನ್ ಇಲ್ಲವೇ ಇಲ್ಲ. ಅಲ್ಲಿ ದೂರದ ಸಾಗಣೆ ಬಹುಪಾಲು ಆಕ್ಟಿನ್ ಎಳೆಯ ಮೇಲೆ ಮಯೋಸಿನ್‌ನದು. ಹೈಡ್ರಿಲಾ ಎಲೆಯನ್ನು 400 ಪಟ್ಟು ಹಿಗ್ಗಿಸಿ ನೋಡಿದರೆ ಹರಿತ್ಕಣಗಳು (ಕ್ಲೋರೊಪ್ಲಾಸ್ಟ್) ಗೋಡೆಯ ಪಕ್ಕದಲ್ಲೇ ಹರಿಯುವುದು ಕಾಣುತ್ತದೆ, ಅದು ಮಯೋಸಿನ್ನಿನ ಕೆಲಸ.

ಕೈನೆಸಿನ್‌ಗೆ ಗಿಡದಲ್ಲಿ ದೊಡ್ಡ ಪಾತ್ರ ಸಿಗುವುದು ವಿಭಜನೆಯ ಕೊನೆಗೆ. "ಕೋಶ ಸೀಳಿ ಎರಡಾಗುತ್ತದೆ" ಎಂದು ನೀರುಳ್ಳಿಗೆ ಬರೆಯಲಾಗದು. ಪ್ರಾಣಿಕೋಶ ಹೊರಗಿನಿಂದ ಬಿಗಿದು ಎರಡಾಗುತ್ತದೆ, ಆಕ್ಟಿನ್ ಮತ್ತು ಮಯೋಸಿನ್ನಿನ ಉಂಗುರ ಬಿಗಿಯುತ್ತದೆ. ಗಿಡದಲ್ಲಿ ಗಾಲ್ಗಿಯ ಕಿರುಚೀಲಗಳು ಕಿರುಕೊಳವೆಗಳ ಜಾಡಿನಲ್ಲಿ ನಡುಮಧ್ಯಕ್ಕೆ ಬಂದು ಒಂದಕ್ಕೊಂದು ಕೂಡಿ ನಡುಗೋಡೆ ಕಟ್ಟುತ್ತವೆ, ಅದು ಒಳಗಿನಿಂದ ಅಂಚಿಗೆ ಬೆಳೆಯುತ್ತದೆ. ಆದ್ದರಿಂದ ಪ್ರಾಣಿಗೆ 'ಬಿಗಿತ', ಗಿಡಕ್ಕೆ 'ನಡುಗೋಡೆ ಕಟ್ಟು'. "ವಿಭಜನೆಯ ವೇಳೆ ಸಾಗಣೆ ನಿಲ್ಲುತ್ತದೆ" ಎಂಬ ಸಾಲು ಎಲ್ಲಾದರೂ ಇದ್ದರೆ ಅದನ್ನೂ ತಿದ್ದಿ. ಪ್ರಾಣಿಕೋಶದಲ್ಲಿ ಗಾಲ್ಗಿ ಚೂರಾಗಿ ಸಾಗಣೆ ತಗ್ಗುತ್ತದೆ. ಗಿಡದಲ್ಲಿ ಗಾಲ್ಗಿ ಚೂರಾಗುವುದಿಲ್ಲ, ಸಾಗಣೆ ನಿಂತರೆ ಗೋಡೆಗೆ ಸಾಮಾನೇ ಬರುವುದಿಲ್ಲ.

ಇನ್ನೊಂದು ಉತ್ತರ

ಪದಗಳ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಒಪ್ಪಿಗೆ. ಪ್ರಯೋಗದ ಭಾಗದಲ್ಲಿ ಕ್ರಿಯಾಪದಗಳ ಕಡೆಗೂ ಗಮನ ಬೇಕು, ಏಕೆಂದರೆ ಮಕ್ಕಳ ಕೈ ನಡೆಯುವುದು ಅದರಂತೆ.

'ಸ್ಕ್ವಾಶ್ ಮಾಡು' ಎಂಬುದಕ್ಕೆ 'ಜಜ್ಜು' ಎಂದು ಬರೆದರೆ ಶುಂಠಿ ಜಜ್ಜಿದಂತೆಯೇ ಜಜ್ಜುತ್ತಾರೆ. ಕವರ್‌ಸ್ಲಿಪ್ ಜಾರುತ್ತದೆ, ಕೋಶಗಳು ಉರುಳಿ ವರ್ಣತಂತು ಚದರುತ್ತವೆ. 'ಹೆಬ್ಬೆರಳಿನಿಂದ ನೇರ ಕೆಳಕ್ಕೆ ಅದುಮು, ಜಾರಿಸಬೇಡ' ಎಂದಿರಲಿ. 'ಫಿಕ್ಸ್' ಎಂಬುದಕ್ಕೆ 'ಗಟ್ಟಿ ಮಾಡು' ಸಾಲದು. ಮೂರು ಪಾಲು ಆಲ್ಕೊಹಾಲು, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ 24 ಗಂಟೆ ಇಡುವುದು ಕೋಶ ಯಾವ ಹಂತದಲ್ಲಿದೆಯೋ ಅಲ್ಲೇ ಹಿಡಿದು ನಿಲ್ಲಿಸಲು, 'ಇದ್ದಂತೆ ನಿಲ್ಲಿಸು' ಎನ್ನಬಹುದು. ಆಮೇಲೆ 1 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿ ಸೆಲ್ಸಿಯಸ್‌ಗೆ 5ರಿಂದ 10 ನಿಮಿಷ. ಇದಕ್ಕೆ 'ಬೇಯಿಸು' ಬೇಡ, 'ಸಡಿಲಿಸು' ಎನ್ನಿ. ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಬಿಡುವುದೇ ಉದ್ದೇಶ. ಹೊತ್ತು ಸಾಲದಿದ್ದರೆ ಗುಂಪುಗುಂಪಾಗಿ ಉಳಿಯುತ್ತವೆ, ಹೆಚ್ಚಾದರೆ ಅಸಿಟೊಕಾರ್ಮಿನ್ ಬಣ್ಣ ಮಂಕಾಗುತ್ತದೆ. ಬೇರಿನ ಕೊನೆಯ 1ರಿಂದ 2 ಮಿಲಿಮೀಟರ್ ಮಾತ್ರ ಇಟ್ಟುಕೊಳ್ಳಬೇಕು, ಮೇಲಿನ ಭಾಗದಲ್ಲಿ ವಿಭಜನೆಯೇ ಇರುವುದಿಲ್ಲ. ಮಡಿಕೇರಿಯ ಆಷಾಢದ ಥಂಡಿಯಲ್ಲಿ ಬೇರು ನಿಧಾನ, ವಿಭಜನೆಯ ಕೋಶವೂ ಕಡಿಮೆ. ಸುಮಾರು 25 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿ ಬೇರು ಬರಿಸುವುದು ಒಳ್ಳೆಯದು.

ಕರಡಿನಲ್ಲಿ ಕೋಲ್ಚಿಸಿನ್‌ನಲ್ಲಿ ನೆನೆಸಿ "ಎಲ್ಲ ಹಂತಗಳ ಚಿತ್ರ ಬರೆಯಿರಿ" ಎಂದಿದ್ದರೆ ಅದು ಆಗದ ಕೆಲಸ. ಕದಿರಿಲ್ಲದ ಮೇಲೆ ವರ್ಣತಂತುಗಳು ದೂರ ಸರಿಯುವ ಹಂತ ಎಲ್ಲಿಂದ ಬರಬೇಕು? ನೆನೆಸದ ಬೇರು ಹಂತಗಳನ್ನು ನೋಡಲು, ನೆನೆಸಿದ್ದು ಎಣಿಸಲು ಎಂದು ಎರಡು ತಟ್ಟೆ ಇಡಿಸಿ. ನೀರುಳ್ಳಿಯಲ್ಲಿ 16 ಸಿಗಬೇಕು. ಕಾಫಿಯದು ತೀರ ಚಿಕ್ಕ ವರ್ಣತಂತುಗಳು, ಮೊದಲ ಪ್ರಯೋಗಕ್ಕೆ ಬೇಡ.

ನೆನೆಸಲು ಕೋಲ್ಚಿಸಿನ್ನೇ ಬೇಕೆಂದಿಲ್ಲ. 0.002 ಮೋಲಾರ್ 8-ಹೈಡ್ರಾಕ್ಸಿಕ್ವಿನೋಲಿನ್‌ನಲ್ಲಿ ತಂಪು ಜಾಗದಲ್ಲಿ 3ರಿಂದ 4 ಗಂಟೆ ಇಟ್ಟರೂ ಕದಿರು ಕಟ್ಟುವುದಿಲ್ಲ. ಇದಕ್ಕೆ 'ಮುನ್ನೆನೆಸು' ಎಂಬ ಪದ ಹೊಂದುತ್ತದೆ. ಇದ್ದಂತೆ ನಿಲ್ಲಿಸುವ ಮುಂಚೆಯೇ ಮಾಡಬೇಕೆಂಬುದು ಪದದಲ್ಲೇ ಬರುತ್ತದೆ. ಮತ್ತೆ, ತೋಕ್ ಪೂವಿನ ಹೆಸರು ಬಂದ ಪುಟದಲ್ಲೇ ಒಂದು ಸಾಲು ದಪ್ಪ ಅಕ್ಷರದಲ್ಲಿ ಇರಲಿ: ಇದರ ಗೆಡ್ಡೆ, ಬೀಜ ತಿಂದರೆ ಸಾವು ಬರಬಹುದು, ಪ್ರಯೋಗಕ್ಕೆಂದು ಮನೆಯ ಬೇಲಿಯಿಂದ ಕಿತ್ತು ಅರೆಯಕೂಡದು.