ಆಡು ಮೇವು ಬಿಟ್ಟಿದೆ, ಗದ್ದದ ಕೆಳಗೆ ಊತ

ಪ್ರಶ್ನೆ: ನಮ್ಮ ಕಪ್ಪು ಆಡು ನಿನ್ನೆಯಿಂದ ಹಿಂಡು ಬಿಟ್ಟು ಒಂಟಿಯಾಗಿ ನಿಲ್ಲುತ್ತಿದೆ. ಸೊಪ್ಪು ಹಿಡಿದರೆ ಮೂಸಿ ಮುಖ ತಿರುಗಿಸುತ್ತದೆ. ಗದ್ದದ ಕೆಳಗೆ ಮೆತ್ತನೆಯ ಊತವಿದೆ. ಭೇದಿ ಇಲ್ಲ, ಮೈ ಬಿಸಿ ಇದ್ದಂತಿಲ್ಲ. ಹಲ್ಲುನೋವೇ?

ಉತ್ತರ: ಹಲ್ಲನ್ನು ಆಮೇಲೆ ನೋಡೋಣ. ಮೊದಲು ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಪದರದ ಬಣ್ಣ ನೋಡಿ. ಕೆಂಪಗಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ರಕ್ತಹೀನತೆ. ಜೊತೆಗೆ ಈ ಊತವೂ ಇರುವುದರಿಂದ ನನ್ನ ಅನುಮಾನ ಜಠರದಲ್ಲಿ ಕುಳಿತು ರಕ್ತ ಹೀರುವ ಹುಳುವಿನ ಮೇಲೆ. ಅದು ಬಹಳ ಸಲ ಭೇದಿ ಮಾಡಿಸುವುದೇ ಇಲ್ಲ. ಇನ್ನು, ಮೈ ಮುಟ್ಟಿ ಜ್ವರ ಹೇಳುವವರನ್ನು ನಾನು ನಂಬುವುದಿಲ್ಲ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 38.5ರಿಂದ 39.5 ಡಿಗ್ರಿ ಸೆಲ್ಸಿಯಸ್ ಸಹಜ.

ಪ್ರಶ್ನೆ ಕೇಳಿದವರು: ರೆಪ್ಪೆಯೊಳಗೆ ಕಾಗದದಂತೆ ಬೆಳ್ಳಗಿದೆ! ಥರ್ಮಾಮೀಟರ್ 39.1 ತೋರಿಸಿತು. ಹುಳುವಿನ ಹಳೆಯ ಔಷಧವಿದೆ, ಕುಡಿಸಲೇ?

ಮತ್ತೊಬ್ಬರು: ಬೇಡ. ಅಷ್ಟು ಬೆಳ್ಳಗಾಗಿದ್ದರೆ ಇಂದೇ ಪಶುವೈದ್ಯರನ್ನು ಕರೆಸಿ. ಎಷ್ಟೋ ಕಡೆ ಹುಳುಗಳು ಹಳೆಯ ಔಷಧಕ್ಕೆ ಬಗ್ಗುವುದಿಲ್ಲ. ಯಾವುದು, ಎಷ್ಟು ಎಂಬುದನ್ನು ತೂಕ ನೋಡಿ ಅವರೇ ಹೇಳಲಿ. ಪರೀಕ್ಷೆಗೆ ತಾಜಾ ಹಿಕ್ಕೆ ಎತ್ತಿಡಿ. ಅಲ್ಲಿಯವರೆಗೆ ಓಡಾಡಿಸಬೇಡಿ, ನೆರಳಿನಲ್ಲಿ ಕಟ್ಟಿ. ನಿತ್ರಾಣವಾದ ಆಡಿನ ತಲೆ ಮೇಲೆತ್ತಿ ಗಂಟಲಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದೀತು.