ಬೇಸ್‌ಬಾಲ್‌ನ ಬ್ರಾಡ್‌ಮನ್ ಯಾರು?

ಪ್ರಶ್ನೆ: ವಿದ್ಯಾನಗರದ ಓದುಗ, ದಾವಣಗೆರೆ

ನನ್ನ ಮಗಳು ಈ ವರ್ಷ ಕಾಲೇಜಿನಲ್ಲಿ ಬೇಸ್‌ಬಾಲ್‌ನದೇ ಮತ್ತೊಂದು ರೂಪವಾದ ಸಾಫ್ಟ್‌ಬಾಲ್ ತಂಡ ಸೇರಿದ್ದಾಳೆ. ನಮ್ಮೂರಿನ ವಿನಯ್ ಕುಮಾರ್ ಅವರ ಬೌಲಿಂಗ್ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲ ನನಗೆ ಬೇಸ್‌ಬಾಲ್ ಮಾತ್ರ ಹೊಸದು. ಅವಳು ಬೇಬ್ ರೂತ್, ವಿಲ್ಲಿ ಮೇಸ್, ಒಹ್ತಾನಿ ಎಂದು ಹೇಳುತ್ತಾ ಹೋದರೆ ತಲೆಯಾಡಿಸುತ್ತಾ ಕೂರುತ್ತೇನೆ. ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಗಳನ್ನು ಹುಡುಕಿ ಓದಿದಾಗ ಹೆಚ್ಚಿನವುಗಳಲ್ಲಿ ರೂತ್ ಹೆಸರೇ ಮೊದಲಿತ್ತು. ಆದರೆ ಅವರ ಬ್ಯಾಟಿಂಗ್ ಸರಾಸರಿ 0.342 ಎಂದಿರುವುದನ್ನು ಕಂಡು ಗೊಂದಲವಾಯಿತು. ಹೋಮ್ ರನ್‌ಗಳಲ್ಲಾದರೂ (ನಮ್ಮ ಸಿಕ್ಸರ್‌ನಂಥ ಹೊಡೆತ) ಅವರೇ ಮುಂದಿದ್ದಾರೆಯೇ ಎಂದರೆ ಅದೂ ಇಲ್ಲ: ಅವರದು 714, ಹ್ಯಾಂಕ್ ಆರನ್ ಅವರದು 755, ಬ್ಯಾರಿ ಬಾಂಡ್ಸ್ ಅವರದು 762. ದೊಡ್ಡ ದಾಖಲೆಗಳೇ ಮುರಿದುಹೋದ ಆಟಗಾರನನ್ನು ನೂರು ವರ್ಷಗಳ ನಂತರವೂ ಮೊದಲ ಸ್ಥಾನದಲ್ಲಿ ಕೂರಿಸುವುದೇಕೆ? ಕ್ರಿಕೆಟ್ ಬಲ್ಲವರಿಗೆ ಅರ್ಥವಾಗುವಂತೆ ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ದೈಹಿಕ ಶಿಕ್ಷಕ, ಚಿತ್ರದುರ್ಗ

ಮೊದಲು ಸರಾಸರಿಯ ವಿಷಯ. ಕ್ರಿಕೆಟ್‌ನಲ್ಲಿ ನಾವು ರನ್‌ಗಳನ್ನು ಔಟಾದ ಸಲಗಳಿಂದ ಭಾಗಿಸುತ್ತೇವೆ. ಬೇಸ್‌ಬಾಲ್‌ನಲ್ಲಿ, ವಾಕ್ (ನಾಲ್ಕು ಎಸೆತಗಳು ಗುರಿ ತಪ್ಪಿದಾಗ ಬ್ಯಾಟರ್ ಹೊಡೆಯದೆಯೇ ಮುನ್ನಡೆಯುವುದು) ಮುಂತಾದವುಗಳನ್ನು ಬಿಟ್ಟು, ಬ್ಯಾಟಿಂಗಿಗೆ ನಿಂತ ಸಲಗಳಲ್ಲಿ ಎಷ್ಟು ಬಾರಿ ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸ್ (ಓಡಿ ಮುಟ್ಟಬೇಕಾದ ಗುರುತು) ತಲುಪಿದರು ಎಂಬುದನ್ನು ಲೆಕ್ಕ ಹಾಕುತ್ತಾರೆ. ಹತ್ತರಲ್ಲಿ ಮೂರು ಸಲ ಗೆದ್ದವನು ಒಳ್ಳೆಯ ಬ್ಯಾಟರ್ ಎನಿಸಿಕೊಳ್ಳುತ್ತಾನೆ. ನಾನು ಶಾಲೆಯಲ್ಲಿ ಸಾಫ್ಟ್‌ಬಾಲ್ ಕಲಿಸುತ್ತಿದ್ದಾಗ ಕ್ರಿಕೆಟ್ ಆಡಿ ಬಂದ ಮಕ್ಕಳು ಬ್ಯಾಟಿನ ತುದಿಯನ್ನು ನೆಲಕ್ಕೆ ತಾಗಿಸಿಕೊಂಡು, ಚೆಂಡು ಪುಟಿದೇಳಲಿ ಎಂದು ಕಾಯುತ್ತಿದ್ದರು. ಅದು ಪುಟಿಯದೆ ಕ್ಯಾಚರ್‌ನ ಗ್ಲೌಸಿಗೆ ಬಿದ್ದ ಸದ್ದಾದ ಮೇಲೆ ಹಿಂದಿರುಗಿ ನೋಡುತ್ತಿದ್ದರು. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಚೆಂಡು 60 ಅಡಿ 6 ಅಂಗುಲ ದೂರದಿಂದ, ನಮ್ಮ ಪಿಚ್‌ಗಿಂತ ಕಡಿಮೆ ಅಂತರದಿಂದ, ನೆಲ ಮುಟ್ಟದೆ ಬರುತ್ತದೆ. ಆದ್ದರಿಂದ 0.342 ಬಹಳ ದೊಡ್ಡ ಅಂಕಿ.

ಇನ್ನು ರೂತ್. ಅವರು ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ಬಂದದ್ದು ಎಡಗೈ ಪಿಚರ್ ಆಗಿ, ಅಂದರೆ ನಮ್ಮ ಬೌಲರ್‌ನಂತೆ ಚೆಂಡೆಸೆಯುವವರಾಗಿ. 1916ರಲ್ಲಿ 23 ಪಂದ್ಯಗಳ ಗೆಲುವು ಅವರ ಹೆಸರಿನಲ್ಲಿತ್ತು. ಆ ಕಾಲದ ಬೇಸ್‌ಬಾಲ್ ಎಂದರೆ ಚೆಂಡನ್ನು ಸಂದಿಯಲ್ಲಿ ತಳ್ಳಿ, ಓಡಿ, ಬೇಸ್ ಕದ್ದು (ಪಿಚರ್ ಚೆಂಡೆಸೆಯುವ ಹೊತ್ತಿಗೇ ಮುಂದಿನ ಬೇಸಿಗೆ ಓಡಿ), ಒಂದೊಂದೇ ರನ್ ಕೂಡಿಸುವ ಆಟ, ಅದರಲ್ಲಿ ಟೈ ಕಾಬ್ ಅವರನ್ನು ಮೀರಿಸುವವರು ಇರಲಿಲ್ಲ. 1919ರ ಕೊನೆಯಲ್ಲಿ ಬಾಸ್ಟನ್ ಮಾಲೀಕರು ರೂತ್ ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿಬಿಟ್ಟರು. ಮರುವರ್ಷ ಅವರು 54 ಹೋಮ್ ರನ್ ಹೊಡೆದರು. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಎರಡನೆಯ ಸ್ಥಾನ ಪಡೆದ ಜಾರ್ಜ್ ಸಿಸ್ಲರ್ ಹೊಡೆದದ್ದು 19. ಆ ಲೀಗ್‌ನ ಬೇರೆ ಯಾವ ತಂಡವೂ, ಇಡೀ ತಂಡವಾಗಿ ಕೂಡ, 54ನ್ನು ಮುಟ್ಟಲಿಲ್ಲ. ಚೆಂಡಿಗೆ ಎಂಜಲು ಹಚ್ಚಿ ಎಸೆಯುವುದಕ್ಕೆ ಅದೇ ವರ್ಷ ನಿರ್ಬಂಧ ಬಂದದ್ದು ಬ್ಯಾಟರ್‌ಗಳಿಗೆ ಅನುಕೂಲವಾಯಿತು, ನಿಜ. ಆದರೆ ಆ ಅನುಕೂಲ ಎಲ್ಲರಿಗೂ ಇತ್ತಲ್ಲವೇ? ನಿಮ್ಮ ಬ್ರಾಡ್‌ಮನ್ ಹೋಲಿಕೆ ಸರಿಹೊಂದುವುದು ಇಲ್ಲಿಯೇ: ಒಟ್ಟು ಮೊತ್ತವನ್ನು ಬದಿಗಿಟ್ಟು, ಸಮಕಾಲೀನರಿಗೂ ಅವರಿಗೂ ಇದ್ದ ಅಂತರವನ್ನು ನೋಡಬೇಕು.

ಉತ್ತರ: ಇತಿಹಾಸ ವಿದ್ಯಾರ್ಥಿನಿ, ದಾವಣಗೆರೆ

ಗುರುಗಳ ವಿವರಣೆಯನ್ನು ಗೌರವದಿಂದಲೇ ಓದಿದೆ. ಆದರೆ ಸಮಕಾಲೀನರು ಎಂದರೆ ಯಾರು ಎಂದು ಕೇಳದೆ ಇರಲಾರೆ. ರೂತ್ ಆಡಿದಷ್ಟು ಕಾಲವೂ ಮೇಜರ್ ಲೀಗ್‌ನಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವಿರಲಿಲ್ಲ. ಅವರು ನೀಗ್ರೋ ಲೀಗ್ ಎಂದು ಕರೆಯಲಾಗುತ್ತಿದ್ದ ಪ್ರತ್ಯೇಕ ಲೀಗ್‌ಗಳಲ್ಲಿ ಆಡುತ್ತಿದ್ದರು. ಅಲ್ಲಿನ ಮಹಾನ್ ಬ್ಯಾಟರ್ ಜಾಶ್ ಗಿಬ್ಸನ್ 1947ರ ಜನವರಿಯಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕಿಳಿದು ಆ ಗೋಡೆಯನ್ನು ಒಡೆದರು. ಆ ಲೀಗ್‌ಗಳ ಅಂಕಿಅಂಶಗಳನ್ನು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿಸಿದ ಮೇಲೆ ಗಿಬ್ಸನ್ ಅವರ 0.372 ಸರಾಸರಿ ಟೈ ಕಾಬ್ ಅವರ 0.367ನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂತು. ಗಿಬ್ಸನ್ ಅದನ್ನು ನೋಡಲು ಇರಲಿಲ್ಲ.

ನನ್ನ ಆಯ್ಕೆ ಹ್ಯಾಂಕ್ ಆರನ್. 1973ರ ಋತು ಮುಗಿದಾಗ ಅವರ ಖಾತೆಯಲ್ಲಿ 713 ಹೋಮ್ ರನ್‌ಗಳಿದ್ದವು, ರೂತ್ ಅವರಿಗಿಂತ ಒಂದೇ ಒಂದು ಕಡಿಮೆ. ಬಿಳಿಯನ ದಾಖಲೆಯನ್ನು ಕಪ್ಪು ಆಟಗಾರ ಮುರಿಯಬಾರದೆಂದು ಕೊಲೆ ಬೆದರಿಕೆಯ ಪತ್ರಗಳು ಬರುತ್ತಿದ್ದ ಆ ದಿನಗಳಲ್ಲಿ ಮುಂದಿನ ಋತುವಿಗಾಗಿ ಇಡೀ ಚಳಿಗಾಲ ಕಾದು, 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ 715ನೆಯದನ್ನು ಹೊಡೆದರು. ರೂತ್ ಎದುರು ಇದ್ದದ್ದು ಪಿಚರ್‌ಗಳು ಮಾತ್ರ.

ಉತ್ತರ: ಬ್ಯಾಂಕ್ ನೌಕರ, ದಾವಣಗೆರೆ

ಬರೀ ಬ್ಯಾಟಿಂಗ್ ಕಲೆಯ ಮಾತಾದರೆ ಟೆಡ್ ವಿಲಿಯಮ್ಸ್ ಅವರನ್ನು ಬಿಡುವಂತಿಲ್ಲ. 1941ರ ಋತುವಿನ ಕೊನೆಯ ದಿನ ಬೆಳಿಗ್ಗೆ ಅವರ ಸರಾಸರಿ 0.39955 ಇತ್ತು. ಅದನ್ನು 0.400 ಎಂದೇ ಬರೆದುಕೊಳ್ಳುತ್ತಿದ್ದರು. ಬೇಕಿದ್ದರೆ ಆಡದೆ ಕೂರಬಹುದು ಎಂದು ಮ್ಯಾನೇಜರ್ ಕೂಡ ಅವಕಾಶ ಕೊಟ್ಟಿದ್ದರು. ವಿಲಿಯಮ್ಸ್ ಒಪ್ಪದೆ ಫಿಲಡೆಲ್ಫಿಯಾದಲ್ಲಿ ಆ ದಿನದ ಎರಡೂ ಪಂದ್ಯಗಳನ್ನು ಆಡಿ, ಎಂಟು ಸಲದಲ್ಲಿ ಆರು ಹಿಟ್ ಬಾರಿಸಿ 0.406ಕ್ಕೆ ಋತುವನ್ನು ಮುಗಿಸಿದರು. ನೀಗ್ರೋ ಲೀಗ್‌ಗಳನ್ನು ಬಿಟ್ಟರೆ, ಅಲ್ಲಿಂದೀಚೆಗೆ ಮೇಜರ್ ಲೀಗ್‌ನಲ್ಲಿ ಯಾರೂ ಋತುವೊಂದರಲ್ಲಿ 0.400 ಮುಟ್ಟಿಲ್ಲ. ಎರಡನೆಯ ಮಹಾಯುದ್ಧ, ಆಮೇಲೆ ಕೊರಿಯಾ ಯುದ್ಧ, ಎರಡಕ್ಕೂ ವಿಮಾನಚಾಲಕನಾಗಿ ಸೇನೆಗೆ ಹೋದದ್ದರಿಂದ ಅವರ ಒಳ್ಳೆಯ ವರ್ಷಗಳೇ ಕೈತಪ್ಪಿದವು. ಆದರೂ 521 ಹೋಮ್ ರನ್.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. 762 ಹೊಡೆದ ಬಾಂಡ್ಸ್ ಅವರ ಹೆಸರನ್ನು ಯಾರೂ ಎತ್ತಲಿಲ್ಲವೇಕೆ? ಮಗಳಂತೂ ಒಹ್ತಾನಿಗಿಂತ ದೊಡ್ಡವರಿಲ್ಲ ಎನ್ನುತ್ತಾಳೆ.

ಉತ್ತರ: ನಿವೃತ್ತ ದೈಹಿಕ ಶಿಕ್ಷಕ, ಚಿತ್ರದುರ್ಗ

ಬಾಂಡ್ಸ್ 2001ರಲ್ಲಿ ಹೊಡೆದ 73 ಇಂದಿಗೂ ಒಂದು ಋತುವಿನ ದಾಖಲೆ. ಆದರೆ ಉದ್ದೀಪನ ಮದ್ದಿನ ಆರೋಪದ ನೆರಳು ಅವರನ್ನು ಬಿಡಲಿಲ್ಲ. ಬೇಸ್‌ಬಾಲ್‌ನ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಲು ಬೇಸ್‌ಬಾಲ್ ಬರಹಗಾರರ ಮತಗಳಲ್ಲಿ ಶೇ. 75 ಬೇಕು, ಹತ್ತು ವರ್ಷ ಪಟ್ಟಿಯಲ್ಲಿದ್ದರೂ ಅವರಿಗೆ ಅದು ದಕ್ಕಲಿಲ್ಲ, 2022ಕ್ಕೆ ಆ ಅವಧಿಯೂ ಮುಗಿಯಿತು.

ವಿದ್ಯಾರ್ಥಿನಿಯವರ ಆಕ್ಷೇಪ ನ್ಯಾಯವಾದದ್ದು. ಗಿಬ್ಸನ್ ಅಂಥವರ ಎದುರು ಆಡಿ ಪರೀಕ್ಷೆಗೊಳಗಾಗದ ರೂತ್ ಅವರನ್ನು ಎಲ್ಲರಿಗಿಂತ ಶ್ರೇಷ್ಠ ಎನ್ನುವುದಕ್ಕಿಂತ, ಆಟವನ್ನು ಎಲ್ಲರಿಗಿಂತ ಹೆಚ್ಚು ಬದಲಿಸಿದವರು ಎನ್ನುವುದೇ ಸರಿ. ಮಗಳ ವಾದವನ್ನೂ ತಳ್ಳಿಹಾಕಬೇಡಿ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಶೊಹೇ ಒಹ್ತಾನಿ 2024ರಲ್ಲಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದರು. ಒಂದೇ ಋತುವಿನಲ್ಲಿ ಎರಡರಲ್ಲೂ 50 ದಾಟಿದವರು ಅದಕ್ಕೆ ಮುಂಚೆ ಇರಲಿಲ್ಲ. ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ಆ ವರ್ಷ ಪಿಚ್ ಮಾಡಿರಲಿಲ್ಲ, 2025ರ ಜೂನ್‌ನಲ್ಲಿ ಮತ್ತೆ ಆರಂಭಿಸಿದರು. ಯಾಂಕೀಸ್ ಸೇರಿದ ಮೇಲೆ ರೂತ್ ಪಿಚಿಂಗನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟಿದ್ದರೆಂಬುದನ್ನು ನೆನೆದರೆ, ಒಹ್ತಾನಿ ಎರಡನ್ನೂ ಹೊತ್ತು ನಡೆಯುತ್ತಿರುವುದು ಎಷ್ಟು ಅಪರೂಪವೆಂದು ತಿಳಿಯುತ್ತದೆ. ಬೇಸಿಗೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಂಜೆ 7ಕ್ಕೆ ಆರಂಭವಾಗುವ ಪಂದ್ಯ ನಮ್ಮಲ್ಲಿ ಬೆಳಿಗ್ಗೆ 7.30ಕ್ಕೆ ಬರುತ್ತದೆ. ಭಾನುವಾರವಾದರೆ ಮಗಳ ಜೊತೆ ಕೂತು ನೋಡಿ, ಅವರು ಪಿಚ್ ಮಾಡುವ ದಿನವನ್ನೇ ಆರಿಸಿಕೊಳ್ಳಿ.