ಹಳೆ ಪಿಂಚಣಿಗಾಗಿ ಮುಷ್ಕರಕ್ಕೆ ಕೂರಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಶಿಕ್ಷಕಿ, ಸಿಂದಗಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಸೇರಿದ್ದು 2008ರಲ್ಲಿ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ, ಹಾಗಾಗಿ ನಾನು ಸಂಬಳದಿಂದ ವಂತಿಗೆ ಕಡಿಯುವ ಹೊಸ ಪಿಂಚಣಿಯವಳು, ಅಂದರೆ ಎನ್‌ಪಿಎಸ್‌ನವಳು. ಮತ್ತೆ ಕೆಲಸ ಬಿಟ್ಟು ಕೂರಬೇಕು ಎಂಬ ಮಾತು ನಮ್ಮ ಕಡೆ ಎದ್ದಿದೆ. ನಮ್ಮ ಮನೆಯವರದು ಮಳೆ ನಂಬಿದ ಹೊಲ. ಮನೆ ಸಾಲದ ಕಂತು ನನ್ನ ಸಂಬಳದಿಂದಲೇ ಹೋಗಬೇಕು. ಸಂಬಳ ಹಿಡಿದರೆ ಏನು ಮಾಡುವುದು? ಸೇವೆಗೆ ಏನಾದರೂ ತೊಂದರೆ ಬರುತ್ತದಾ? ಇನ್ನೊಂದು ಮಾತು, ಕೇಳೋಕೆ ಸಂಕೋಚ. ನನಗೆ ಮುಂದೆ ನಿಜವಾಗಿ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಲು ಇಷ್ಟು ವರ್ಷವಾದರೂ ನನಗೆ ಬರುವುದಿಲ್ಲ. ತಿಳಿದವರು ಬಿಡಿಸಿ ಹೇಳಿ.

ನಿವೃತ್ತ ಮುಖ್ಯ ಶಿಕ್ಷಕ, ಜಮಖಂಡಿ

ತಂಗೀ, ನಾನು ಹಳೆ ಪಿಂಚಣಿಯವನು. ನನಗೆ ಏನು ಸಿಗುತ್ತಿದೆ ಎಂದು ಹೇಳಿದರೆ ನಿಮಗೆ ಏನು ಇಲ್ಲ ಎಂಬುದು ತಿಳಿಯುತ್ತದೆ.

ನನ್ನ ಸೇವೆ ಪೂರ್ತಿ ಇತ್ತು. ಹಾಗಾಗಿ ಕೊನೆಯ ಮೂಲ ವೇತನದ ಅರ್ಧ ಪಿಂಚಣಿಯಾಯಿತು. ಅದರ ಮೇಲೆ ತುಟ್ಟಿಭತ್ಯೆ. ಪಿಂಚಣಿಯ ಮೂರನೇ ಒಂದು ಭಾಗವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು, ಅದರ ಬದಲು ಒಟ್ಟಿಗೆ ಬಂದ ಗಂಟಿನಲ್ಲಿ ಮಗಳ ಮದುವೆ ಮಾಡಿದೆ. 15 ವರ್ಷದ ನಂತರ ಆ ಭಾಗವೂ ವಾಪಸ್ ಬರುತ್ತದೆ. ನಾನು ಹೋದರೆ ನಮ್ಮ ಮನೆಯವರಿಗೆ ಕುಟುಂಬ ಪಿಂಚಣಿ ಇದೆ. ಏಳನೇ ವೇತನ ಆಯೋಗ 2024ರ ಆಗಸ್ಟ್‌ನಿಂದ ಜಾರಿಯಾಯಿತಲ್ಲ, ಆಗ ನನ್ನ ಪಿಂಚಣಿಯೂ ಏರಿತು. ನಾನು ಸೀಮೆಸುಣ್ಣ ಕೆಳಗಿಟ್ಟು ಎಷ್ಟೋ ವರ್ಷವಾಗಿತ್ತು, ಆದರೂ ಏರಿತು. ಎನ್‌ಪಿಎಸ್‌ನಲ್ಲಿ ಇಲ್ಲದ್ದು ಇದೇ. ಅಲ್ಲಿ ನಿವೃತ್ತಿ ದಿನ ಗೊತ್ತಾದ ಮೊತ್ತ ಬೆಲೆ ಏರಿದಂತೆ ತಾನೂ ಏರುವುದಿಲ್ಲ.

ನಾನು ಎರಡು ಸಲ ಮುಷ್ಕರಕ್ಕೆ ಕುಳಿತವನು. ಒಂದು ಸಲ ಆ ದಿನಗಳ ಸಂಬಳ ಹಿಡಿದರು. ಇನ್ನೊಂದು ಸಲ ರಜೆಗೆ ಹೊಂದಿಸಿದರು. ಎರಡೂ ಸಲ ಮುಗಿದ ಮೇಲೆ ಸೇವಾ ಪುಸ್ತಕ ತೆಗೆಸಿ ಏನು ಬರೆದಿದ್ದಾರೆ ಎಂದು ನಾನೇ ನೋಡಿದೆ. ನೀವೂ ನೋಡಲೇಬೇಕು. ಸಂಬಳ ಹೋದರೆ ನಾಲ್ಕು ದಿನದ ಕಷ್ಟ. ಸೇವೆ ಮುರಿದಂತೆ ಬರೆದರೆ ಅದು ಕೊನೆಯವರೆಗೂ ಕಾಡುತ್ತದೆ.

ಭಯ ಪಡಿಸಲು ಹೇಳುತ್ತಿಲ್ಲ, ಆದರೆ ಇದು ನಿಮಗೆ ಗೊತ್ತಿರಲಿ. 2003ರಲ್ಲಿ ತಮಿಳುನಾಡಿನ ನೌಕರರು, ಶಿಕ್ಷಕರು ಪಿಂಚಣಿ ಮತ್ತು ಇತರ ಸವಲತ್ತಿನ ಕಡಿತ ವಿರೋಧಿಸಿ ಮುಷ್ಕರ ಹೂಡಿದರು. ಸುಮಾರು 1.7 ಲಕ್ಷ ಜನರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದರು. ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಹೆಚ್ಚಿನವರು ವಾಪಸ್ ಸೇರಿದರು ನಿಜ. ಆದರೆ ಸರ್ಕಾರಿ ನೌಕರರಿಗೆ ಮುಷ್ಕರ ಮಾಡುವ ಮೂಲಭೂತ ಹಕ್ಕು ಇಲ್ಲ ಎಂದು ಅದೇ ತೀರ್ಪು ಹೇಳಿತು. ಹೀಗಾಗಿ ಒಬ್ಬರೇ ಹೊರಗೆ ಹೋಗಬೇಡಿ. ಇಡೀ ತಾಲ್ಲೂಕು ಹೋಗುತ್ತಿದ್ದರೆ ಮನೆಯಲ್ಲಿ ಉಳಿಯಲೂ ಬೇಡಿ. 1982ರ ಡಿಸೆಂಬರ್ 17ರಂದು ಇದೇ ಸುಪ್ರೀಂ ಕೋರ್ಟು ಪಿಂಚಣಿ ಸರ್ಕಾರದ ದಯೆಯಲ್ಲ ಎಂದೂ ಹೇಳಿದೆ. ಅದಕ್ಕೇ ನಾವು ಮುದುಕರು ಪ್ರತಿ ವರ್ಷ ಆ ದಿನ ಸೇರುತ್ತೇವೆ.

ಪ್ರೌಢಶಾಲಾ ಶಿಕ್ಷಕ, ಬೆಳಗಾವಿ

ಮೇಡಂ, 2023ರ ಮಾರ್ಚ್ 1ರ ಮುಷ್ಕರದಲ್ಲಿ ನಾನಿದ್ದೆ. ಅವತ್ತು ಕಂಡದ್ದನ್ನು ಹೇಳಿಬಿಡುತ್ತೇನೆ.

ದೊಡ್ಡ ಬೇಡಿಕೆ ಎರಡಿದ್ದವು. ಒಂದು ಏಳನೇ ವೇತನ ಆಯೋಗ, ಇನ್ನೊಂದು ಎನ್‌ಪಿಎಸ್ ರದ್ದು. ಅನಿರ್ದಿಷ್ಟ ಮುಷ್ಕರ ಎಂದಿದ್ದರು. ನಾವು ಹದಿನೈದು ದಿನವಾದರೂ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಅದೇ ದಿನ ಮೂಲ ವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಬಂತು. ಪಿಂಚಣಿಗೆ ಒಂದು ಸಮಿತಿ ಎಂದರು. ಮುಷ್ಕರ ಮುಗಿಯಿತು. ಮಾರನೇ ದಿನ ಪಾಠ ಮಾಡಲು ನಿಂತಾಗ ನನಗೆ ಗಂಟಲು ಕಟ್ಟಿತ್ತು. ಸಂಬಳ ಜಾಸ್ತಿ ಆಯಿತು, ಅದು ಸಣ್ಣ ವಿಷಯ ಅಲ್ಲ. ಆದರೆ ನಾನು ಹೊರಗೆ ಬಂದದ್ದು ಪಿಂಚಣಿಗಾಗಿ.

ಸಂಬಳ ಏರಿದರೆ ಹಳಬರು ಹೊಸಬರು ಎಲ್ಲರಿಗೂ ಲಾಭ. ಹಳೆ ಪಿಂಚಣಿ ಬೇಕಾದದ್ದು 2006ರ ನಂತರ ಬಂದವರಿಗೆ ಮಾತ್ರ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾತಿಗೆ ಕೂತರೆ ಬೇಗ ಬಗೆಹರಿಯುವುದು ಮೊದಲನೆಯದೇ. ಅದಕ್ಕೆ ನನ್ನ ಸಲಹೆ ಇಷ್ಟು: ಕರೆ ಬಂದಾಗ ಬೇಡಿಕೆ ಪತ್ರ ಕೈಗೆ ತೆಗೆದುಕೊಂಡು ಓದಿ. ಪಿಂಚಣಿ ಒಂದೇ ಇದೆಯಾ, ಹತ್ತರ ಜೊತೆ ಹನ್ನೊಂದನೆಯದಾ? ಮಧ್ಯದಲ್ಲಿ ನಿಲ್ಲಿಸುವ ಮೊದಲು ತಾಲ್ಲೂಕಿನವರನ್ನು ಕೇಳುತ್ತಾರಾ? ಸಭೆಯಲ್ಲಿ ಎದ್ದು ನಿಂತು ಕೇಳಿ. ನಾನು ಅವತ್ತು ಕೇಳಲಿಲ್ಲ.

ಶಿಕ್ಷಕಿ, ಹುನಗುಂದ

ಅಕ್ಕಾ, ನಿಮ್ಮ ನೇಮಕಾತಿ ಅಧಿಸೂಚನೆ ಯಾವಾಗ ಹೊರಟಿತ್ತು ನೋಡಿದ್ದೀರಾ? ಸೇರಿದ ದಿನ ಅಲ್ಲ, ಅರ್ಜಿ ಕರೆದ ದಿನ. 2006ರ ಏಪ್ರಿಲ್ 1ಕ್ಕಿಂತ ಮೊದಲು ಅಧಿಸೂಚನೆ ಆಗಿ, ನಂತರ ಕೆಲಸಕ್ಕೆ ಸೇರಿದವರನ್ನು ಹಳೆ ಪಿಂಚಣಿಗೆ ಸೇರಿಸುವ ಆದೇಶ 2024ರ ಜನವರಿಯಲ್ಲಿ ಬಂತು. ರಾಜ್ಯದಲ್ಲಿ ಸುಮಾರು 13 ಸಾವಿರ ಜನರಿಗೆ ಅನುಕೂಲ ಎಂದು ಆಗ ಹೇಳಿದ್ದರು. ಅದರಲ್ಲಿ ನಾನೂ ಒಬ್ಬಳು. ನಮ್ಮಪ್ಪ ಆ ಅಧಿಸೂಚನೆಯ ಪೇಪರ್ ಕಟಿಂಗ್ ಟ್ರಂಕಿನಲ್ಲಿ ಇಟ್ಟಿದ್ದರು. ಅಪ್ಪ ಈಗಿಲ್ಲ. ಆ ಕಾಗದ ಹಿಡಿದು ಅವತ್ತು ತುಂಬಾ ಅತ್ತೆ.

ಕೇಳಿದವರು, ಸಿಂದಗಿ

ತಂಗೀ, ನೋಡಿದೆ. ನನ್ನದು 2007ರದ್ದು. ಆ ಬಾಗಿಲು ನನಗಿಲ್ಲ. ನಿಮಗೆ ಸಿಕ್ಕಿದ್ದು ಕೇಳಿ ಖುಷಿಯಾಯಿತು.

ನಿವೃತ್ತ ಅಧೀಕ್ಷಕ, ವಿಜಯಪುರ

ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಸಂಬಳದ ಬಿಲ್ಲು ನೋಡುತ್ತಿದ್ದವನು ನಾನು. ಮೇಡಂ ಕೇಳಿದ ಲೆಕ್ಕಕ್ಕೆ ಬರುತ್ತೇನೆ. ಇದನ್ನು ಕೇಳಲು ಸಂಕೋಚ ಯಾಕೆ? ಮೂವತ್ತು ವರ್ಷ ದುಡಿದವರೂ ನನ್ನ ಟೇಬಲ್ಲಿನ ಮುಂದೆ ಇದನ್ನೇ ಕೇಳಿದ್ದಾರೆ.

ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ, ಅದರ ಶೇ. 10 ನಿಮ್ಮ ಸಂಬಳದಿಂದ ಹೋಗುತ್ತದೆ. ಸರ್ಕಾರ ಶೇ. 14 ಹಾಕುತ್ತದೆ. ಎರಡೂ ನಿಮ್ಮ ಹೆಸರಿನ ಎನ್‌ಪಿಎಸ್ ಖಾತೆಯಲ್ಲಿ, ಅಂದರೆ ಪ್ರಾನ್ ಖಾತೆಯಲ್ಲಿ ಬೆಳೆಯುತ್ತವೆ. 60 ತುಂಬಿದಾಗ ಅದರಲ್ಲಿ ಶೇ. 60ರವರೆಗೆ ಒಟ್ಟಿಗೆ ಕೈಗೆ ತೆಗೆದುಕೊಳ್ಳಬಹುದು, ತೆರಿಗೆ ಇಲ್ಲ. ಕನಿಷ್ಠ ಶೇ. 40ಕ್ಕೆ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು. ತಿಂಗಳ ಪಿಂಚಣಿ ಎಂದರೆ ಅದೇ.

ಲೆಕ್ಕಕ್ಕೆ 40 ಲಕ್ಷ ಕೂಡಿದೆ ಎನ್ನೋಣ. 24 ಲಕ್ಷ ಕೈಗೆ. ಉಳಿದ 16 ಲಕ್ಷಕ್ಕೆ ವರ್ಷಕ್ಕೆ ಶೇ. 6ರಂತೆ ಹಿಡಿದರೆ 96 ಸಾವಿರ, ತಿಂಗಳಿಗೆ 8 ಸಾವಿರ. ಅದೇ ಕೊನೆಯ ಮೂಲ ವೇತನ 60 ಸಾವಿರ ಇದ್ದು ಸೇವೆ ಪೂರ್ತಿಯಾದವರಿಗೆ ಹಳೆ ಪದ್ಧತಿಯಲ್ಲಿ 30 ಸಾವಿರ, ಮೇಲೆ ತುಟ್ಟಿಭತ್ಯೆ. ಕೈಗೆ ಬರುವ 24 ಲಕ್ಷವನ್ನು ಮರೆಯಬೇಡಿ, ಅದೂ ನಿಮ್ಮದೇ. ಆದರೆ ಆ ಗಂಟು ಮನೆಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದು ನಿಮಗೇ ಗೊತ್ತು. ಮಗನ ಸೀಟು, ಮನೆಯ ಮಾಳಿಗೆ, ಯಾರದೋ ಆಪರೇಷನ್.

ಈಗ ಮುಷ್ಕರಕ್ಕಿಂತ ಮೊದಲಿನ ಕೆಲಸ. ಪ್ರಾನ್ ಖಾತೆಯ ವಿವರ ತೆಗೆದು ಸೇರಿದ ತಿಂಗಳಿನಿಂದ ಒಂದೊಂದೇ ತಿಂಗಳು ನೋಡಿ. 2008ರ ಸುಮಾರಿಗೆ ಸೇರಿದವರ ಮೊದಲ ವರ್ಷಗಳ ವಂತಿಗೆಯನ್ನು ನಮ್ಮ ಕಚೇರಿಯಲ್ಲಿ ಆಮೇಲೆ ಬ್ಯಾಕ್‌ಲಾಗ್ ಎಂದು ಕಂತಿನಲ್ಲಿ ಹಿಡಿದೆವು. ವರ್ಗಾವಣೆ ಆದವರ ಕೆಲವು ತಿಂಗಳು ಅತ್ತ ಶಾಲೆಗೂ ಇಲ್ಲ, ಇತ್ತ ಶಾಲೆಗೂ ಇಲ್ಲ ಎಂದಾಗಿ ಬಿಟ್ಟುಹೋದದ್ದನ್ನು ನಾನೇ ಹುಡುಕಿ ಹಾಕಿಸಿದ್ದೇನೆ. ಹದಿನೈದು ವರ್ಷ ಬೆಳೆಯಬೇಕಾದ ದುಡ್ಡು ಅದು. ನಾಮಿನಿ ಹೆಸರನ್ನೂ ನೋಡಿ. ಮದುವೆಗೆ ಮೊದಲು ಬರೆಸಿದ್ದರೆ ಅಪ್ಪನ ಹೆಸರೇ ಇರುತ್ತದೆ. ಸೇವೆಯಲ್ಲಿದ್ದಾಗ ತೀರಿಕೊಂಡ ಎನ್‌ಪಿಎಸ್ ನೌಕರರ ಮನೆಯವರಿಗೆ ಈಗ ಕುಟುಂಬ ಪಿಂಚಣಿ ಇದೆ. ಅದನ್ನು ಮನೆಯಲ್ಲಿ ಹೇಳಿಡಿ.

ಅನುದಾನಿತ ಪ್ರೌಢಶಾಲೆ ಶಿಕ್ಷಕಿ, ಗೋಕಾಕ

ಶೇ. 10, ಶೇ. 14 ಎಂಬ ಲೆಕ್ಕ ಓದಿದೆ. ನಮ್ಮದನ್ನೂ ಇಲ್ಲಿ ಹೇಳಬೇಕು ಅನ್ನಿಸಿತು.

ನಾನು 2006ರ ನಂತರ ಅನುದಾನಿತ ಶಾಲೆಗೆ ಸೇರಿದವಳು. ಅದೇ ಪಠ್ಯ, ಅದೇ ಎಸ್‌ಎಸ್‌ಎಲ್‌ಸಿ, ಅದೇ ಮೌಲ್ಯಮಾಪನ, ಅದೇ ಚುನಾವಣೆ ಡ್ಯೂಟಿ. ಸಂಬಳವೂ ಸರ್ಕಾರದ್ದೇ. ಆದರೆ ಪಿಂಚಣಿಗೆ ಸರ್ಕಾರದ ಪಾಲು ನಮಗೆ ಬರುವುದಿಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ನಮ್ಮ ಜೊತೆಯ ಒಬ್ಬ ಗುರುಗಳು ವಯಸ್ಸಾದ ಮೇಲೆ ಕೆಲಸಕ್ಕೆ ಸೇರಿದವರು, ಮೊನ್ನೆ ನಿವೃತ್ತರಾದರು. ಶಾಲು, ಹಾರ, ಫೋಟೊ. ಮರುದಿನದಿಂದ ತಿಂಗಳಿಗೆ ಒಂದು ರೂಪಾಯಿ ಇಲ್ಲ. ಅವರು ಈಗ ಹುಡುಗರಿಗೆ ಮನೆಪಾಠ ಹೇಳುತ್ತಾರೆ. ಬೀಳ್ಕೊಡುಗೆಯ ದಿನ ಭಾಷಣ ಮಾಡಿದವಳು ನಾನೇ. ಅವರ ಕಣ್ಣು ನೋಡಲು ಆಗಲಿಲ್ಲ.

ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಹೊರಗೆ ಟೆಂಟ್ ಹಾಕುತ್ತಾರಲ್ಲ, ಅಲ್ಲಿ ನಾನು ಕುಳಿತಿದ್ದೇನೆ. ಚಳಿ ಜಾಸ್ತಿ. ಕಂಬಳಿ ಒಯ್ಯಿರಿ, ಗುಳಿಗೆ ಒಯ್ಯಿರಿ, ರೊಟ್ಟಿ ಕಟ್ಟಿಕೊಳ್ಳಿ. ಹೆಣ್ಣುಮಕ್ಕಳು ಶೌಚಾಲಯ ಎಲ್ಲಿದೆ ಎಂದು ಮೊದಲೇ ಕೇಳಿ ಹೋಗಿ, ಅದಕ್ಕೇ ಎಷ್ಟೋ ಜನ ನೀರು ಕುಡಿಯದೆ ಕೂತು ಸುಸ್ತಾಗುತ್ತಾರೆ. ಅಧಿವೇಶನದ ಸಮಯದಲ್ಲಿ ಒಂದು ದಿನ ರಜೆ ಹಾಕಿ ಹೋಗಿ ಕೂತರೆ ಅದು ಮುಷ್ಕರ ಅಲ್ಲ. ರಜೆ ಮಂಜೂರಾದ ಕಾಗದ ಕೈಯಲ್ಲಿರಲಿ. ನಿಮ್ಮ ಬೇಡಿಕೆ ಪತ್ರದಲ್ಲಿ ನಮ್ಮದೂ ಒಂದು ಸಾಲು ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ.

ಪಾಲಕ, ಮುದ್ದೇಬಿಹಾಳ ತಾಲ್ಲೂಕು

ನಾನು ಶಿಕ್ಷಕ ಅಲ್ಲ, ರೈತ. ನಮ್ಮ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿ ಇದ್ದೇನೆ. ನಮ್ಮ ಅವ್ವನಿಗೆ ಸಂಧ್ಯಾ ಸುರಕ್ಷಾದಿಂದ ತಿಂಗಳಿಗೆ 1,200 ಬರುತ್ತದೆ. ಗುರುಗಳಿಗೆ ಮುಪ್ಪಿನಲ್ಲಿ ಅನ್ನ ಇರಲಿ ಎಂದು ನನಗೂ ಅನ್ನಿಸುತ್ತದೆ. ಆದರೆ ಶಾಲೆ ಮುಚ್ಚಿದ ದಿನ ನಮ್ಮ ಊರಿನಲ್ಲಿ ಏನಾಗುತ್ತದೆ ಗೊತ್ತಾ? ಹುಡುಗಿಯರು ಹತ್ತಿ ಬಿಡಿಸಲು ಹೋಗುತ್ತಾರೆ. ಬಿಸಿಯೂಟ ಇಲ್ಲ. ಒಂದು ವಾರ ಹೋದ ಹುಡುಗಿ ಆಮೇಲೆ ವಾಪಸ್ ಬರುವುದು ಕಷ್ಟ.

ಅದಕ್ಕೆ ಒಂದು ಮಾತು. ಕೂರುವ ಮೊದಲು ನಮಗೆ ಹೇಳಿ. ಪೇಪರಿನಲ್ಲಿ ಓದಿ ತಿಳಿಯುವಂತೆ ಮಾಡಬೇಡಿ. ಪಾಲಕರನ್ನು ಕರೆದು ಯಾಕೆ, ಎಷ್ಟು ದಿನ, ಹೋದ ಪಾಠ ಯಾವ ಭಾನುವಾರ ಮುಗಿಸುತ್ತೀರಿ ಎಂದು ಹೇಳಿದರೆ ನಾವೇ ಬಂದು ನಿಮ್ಮ ಜೊತೆ ತಹಶೀಲ್ದಾರರಿಗೆ ಮನವಿ ಕೊಡುತ್ತೇವೆ. ನಮ್ಮ ಊರಿನ ಗುರುಗಳು ಹಾಗೇ ಮಾಡಿದರು. ಹದಿನೆಂಟು ಜನ ಪಾಲಕರು ಟಂಟಂ ಹತ್ತಿ ಹೋಗಿದ್ದೆವು.

ಕೇಳಿದವರು, ಸಿಂದಗಿ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಾನ್ ಖಾತೆ ಪೂರ್ತಿ ನೋಡಿದೆ. ನಾನು ಇಂಡಿಯಿಂದ ಇಲ್ಲಿಗೆ ವರ್ಗವಾಗಿ ಬಂದ ವರ್ಷದ ಐದು ತಿಂಗಳು ಖಾಲಿ ಇವೆ. ಆ ತಿಂಗಳ ಸಂಬಳ ಚೀಟಿಯಲ್ಲಿ ಕಡಿತ ಆಗಿದೆ. ನಾಮಿನಿ ಕೂಡ ಅಪ್ಪನೇ. ಅಧೀಕ್ಷಕ ಸರ್, ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಸೋಮವಾರ ಸಂಬಳ ಚೀಟಿಗಳ ಜೊತೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತೇನೆ.

ಮುಷ್ಕರದ ಬಗ್ಗೆ ಮನೆಯಲ್ಲಿ ಮಾತಾಡಿದೆವು. ತಿಂಗಳಿಗೆ ಒಂದಿಷ್ಟು ಬೇರೆ ಎತ್ತಿಟ್ಟು ಎರಡು ಕಂತಿನಷ್ಟು ಕೂಡಿಸುತ್ತೇವೆ. ಪಿಂಚಣಿಯೇ ಮೊದಲ ಬೇಡಿಕೆಯಾಗಿ, ತಾಲ್ಲೂಕು ಪೂರ್ತಿ ಹೊರಟರೆ ನಾನೂ ಹೊರಡುತ್ತೇನೆ. ಅದಕ್ಕೂ ಮೊದಲು ಎಸ್‌ಡಿಎಂಸಿ ಸಭೆ ಕರೆಯಲು ನಮ್ಮ ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಗೋಕಾಕದ ಅಕ್ಕಾ, ನಿಮ್ಮ ಸಾಲನ್ನು ಬೇಡಿಕೆ ಪತ್ರಕ್ಕೆ ಸೇರಿಸಲು ಬರುವ ಸಭೆಯಲ್ಲಿ ನಾನೇ ಎದ್ದು ನಿಂತು ಕೇಳುತ್ತೇನೆ. ಡಿಸೆಂಬರ್‌ನಲ್ಲಿ ನೀವು ಯಾವ ದಿನ ಟೆಂಟಿನಲ್ಲಿ ಇರುತ್ತೀರಿ ತಿಳಿಸಿ. ಒಂದು ದಿನ ರಜೆ ಹಾಕಿ ಬರುತ್ತೇನೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಇಬ್ಬರಿಗೂ ಆಗುವಷ್ಟು ತರುತ್ತೇನೆ.